ನನ್ನ ದನಿಯಲ್ಲಿ ಬಂದ ಮಾತು

ವಾಲ್ಯಾ ರೆಚೆ,
ಅಕ್ಟೋಬರ್ 14, ಮಂಗಳವಾರ

ನನ್ನ ಮುದ್ದಿನ ಅಮ್ಮಾ,

ಮಂಡಿನೋವು ಹೇಗಿದೆ? ಆ ಬಿಸಿನೀರಿನ ಚಿಕಿತ್ಸೆ ಹಿಡಿಸಿತೇ, ಇಲ್ಲ ದಾದಿಯರ ಜೊತೆಗೂ ಜಗಳ ತೆಗೆದಿದ್ದೀಯೋ? ಆ ಬೆಟ್ಟದ ಆಸ್ಪತ್ರೆಯ ಸಪ್ಪೆ ಸೂಪು ನಿನ್ನ ಗಂಟಲಿಗೆ ಇಳಿಯುವುದಿಲ್ಲವೆಂದು ಪ್ಲಮ್ ಜಾಮ್ ಕಳಿಸುತ್ತಿದ್ದೇನೆ. ಸಕ್ಕರೆ ಕಡಿಮೆಯಾಗಿದೆ, ಬೈಯಬೇಡ.

ಶಾಲೆಯ ಸುದ್ದಿ ನಿನ್ನ ಕಿವಿಗೆ ಬೀಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಕಳೆದ ಗುರುವಾರ ಮೂರನೇ ತರಗತಿಯಲ್ಲಿ ಪಾಠ ಮಾಡುತ್ತಿದ್ದೆ. ಹೊರಗೆ ಗಲಾಟೆ ಕೇಳಿ ಕಿಟಕಿಗೆ ಹೋದರೆ ಅರ್ಧ ಊರು ಗೇಟಿಗೆ ಮುಗಿಬಿದ್ದಿದೆ. ಪೋಷಕರ ಗುಂಪಿಗೆ ಫೋನಿನಲ್ಲಿ ಒಂದು ಧ್ವನಿಸಂದೇಶ ಬಂದಿತ್ತಂತೆ: "ಶಾಲೇಲಿ ಗ್ಯಾಸ್ ಸೋರ್ತಾ ಇದೆ, ಈಗಲೇ ಬಂದು ಮಕ್ಕಳನ್ನ ಕರ್ಕೊಂಡು ಹೋಗಿ." ಹೇಳಿದ್ದು ನಾನು. ಅಂದರೆ, ನನ್ನ ದನಿ. ನಾನು ಅಂಥದ್ದೇನೂ ಹೇಳಿರಲಿಲ್ಲ ಅಮ್ಮಾ. ಆದರೆ ಕೇಳಿದಾಗ ನನಗೇ ಅನುಮಾನ ಬಂತು. ಮಾತಿನ ಮಧ್ಯೆ ಗಂಟಲು ಸರಿಮಾಡಿಕೊಳ್ಳುವ ನನ್ನ ಚಾಳಿಯೂ ಅದರಲ್ಲಿತ್ತು. ಹಿಮ ಬಿದ್ದು ರಸ್ತೆ ಮುಚ್ಚಿದಾಗ ಮಕ್ಕಳು ಮನೆಯಲ್ಲೇ ಕಲಿಯಲೆಂದು ನಾನು ವರ್ಷಗಟ್ಟಲೆ ಪಾಠಗಳನ್ನು ಅಂತರ್ಜಾಲಕ್ಕೆ ಹಾಕಿದೆನಲ್ಲ, ಅದರಿಂದಲೇ ಯಾರೋ ಯಂತ್ರಕ್ಕೆ ನನ್ನ ದನಿ ಕಲಿಸಿದ್ದಾರೆ ಎನ್ನುತ್ತಾರೆ ಪೊಲೀಸರು. ಯಾರು, ಯಾಕೆ ಎಂಬುದು ಅವರಿಗೂ ತಿಳಿದಿಲ್ಲ.

ಆ ನೂಕುನುಗ್ಗಲಿನಲ್ಲಿ ಬಡಗಿ ಗವ್ರಿಲನ ಮಗಳು, ಪುಟ್ಟ ಸಾಂಜಿಯಾನಾ, ಕೆಳಗೆ ಬಿದ್ದು ಕೈ ಮುರಿದುಕೊಂಡಳು. ಅವಳನ್ನು ಎತ್ತಿಕೊಂಡ ಗವ್ರಿಲ ನನ್ನ ಮುಖಕ್ಕೇ ಕೂಗಿದ: "ನಿಮ್ಮ ಬಾಯಿಂದಾನೇ ಬಂತಲ್ಲ, ಡೈರೆಕ್ಟರಮ್ಮಾ!" ಅದು ನಾನಲ್ಲವೆಂದು ಫೋನಿನ ಅದೇ ಗುಂಪಿಗೆ ಹೇಳಿ ಕಳಿಸಿದೆ. ಅದರ ಬೆನ್ನಿಗೇ ನನ್ನ ದನಿಯಲ್ಲಿ ಇನ್ನೊಂದು ಬಂತು: "ಮೊದಲು ಹೇಳಿದ್ದೇ ನಿಜ, ಈಗ ನನ್ನ ಬಾಯಿ ಮುಚ್ಚಿಸ್ತಿದ್ದಾರೆ." ಇಷ್ಟು ವರ್ಷ ಮುಖ್ಯೋಪಾಧ್ಯಾಯಿನಿಯಾಗಿ ಈ ಶಾಲೆಯನ್ನು ನಡೆಸಿದ್ದು ನನ್ನ ಮಾತಿನ ಬಲದಿಂದ. ಆ ಮಾತೇ ನನ್ನ ಕೈಬಿಟ್ಟು ಬೀದಿಯಲ್ಲಿ ಓಡಾಡುತ್ತಿದೆ ಅನ್ನಿಸಿತು.

ಮರುದಿನ ಶಾಲೆಗೆ ಒಂದು ಮಗುವೂ ಬರಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟು ಮನೆಮನೆಗೆ ನಡೆದೆ. ಪರಾಸ್ಕೀವಾ ಅಜ್ಜಿ ಬಾಗಿಲಲ್ಲೇ ನನ್ನ ಕೆನ್ನೆ ಹಿಂಡಿ ನೋಡಿ, "ಸದ್ಯ, ಬೆಚ್ಚಗಿದ್ದೀಯ, ಒಳಗೆ ಬಾ" ಅಂದಳು. ನಗು ಬಂತು, ಜೊತೆಗೆ ಅಳುವೂ. ಗವ್ರಿಲ ಬಾಗಿಲು ತೆಗೆಯಲಿಲ್ಲ. ಮೆಟ್ಟಿಲ ಮೇಲೆ ಕೂತೇ ಇದ್ದೆ. ಕೊನೆಗೆ ಅವನೇ ಹೊರಬಂದು, "ಬೆಳಗ್ಗೆ ಗೇಟಲ್ಲಿ ನೀವೇ ನಿಂತಿದ್ರೆ ಕಳಿಸ್ತೀನಿ. ಫೋನಲ್ಲಿ ಕರೆದ್ರೆ ಕಳಿಸಲ್ಲ" ಅಂದ.

ನಿನ್ನೆ ಗೇಟಿನಲ್ಲಿ ನಿಂತೆ. ಮಕ್ಕಳು ಬಂದರು, ಎಲ್ಲರೂ ಅಲ್ಲ. ಸಾಂಜಿಯಾನಾ ಕೈಗೆ ಪಟ್ಟಿ ಕಟ್ಟಿಕೊಂಡೇ ಬಂದು, ಅದರ ಮೇಲೆ ನನ್ನ ಹೆಸರು ಬರೆಸಿಕೊಂಡಳು. ಆದರೂ ಪ್ರಾರ್ಥನೆಯ ಹೊತ್ತಿಗೆ ಮಾತಾಡಲು ಬಾಯಿ ತೆರೆದರೆ, ಇದನ್ನೂ ಯಾರೋ ಕೂಡಿಟ್ಟುಕೊಳ್ಳುತ್ತಿದ್ದಾರೇನೋ ಅನ್ನಿಸುತ್ತದೆ.

ನೀನು ಚಿಂತಿಸಬೇಡ. ವೇಳೆಗೆ ಸರಿಯಾಗಿ ಮಾತ್ರೆ ನುಂಗು, ಪಕ್ಕದ ಮಂಚದವರಿಗೂ ಜಾಮ್ ಕೊಡು, ಪ್ರಾರ್ಥಿಸುವಾಗ ನನ್ನನ್ನೂ ನೆನೆ.

ನಿನ್ನ ಮಗಳು,
ರುಕ್ಸಾಂದ್ರಾ

ಮರೆತದ್ದಲ್ಲ, ಈಗಷ್ಟೇ ತಿಳಿದದ್ದು: ಅಕ್ಕ ಇಲಿಂಕಾ ಇಲ್ಲಿಗೆ ಬಂದು ಹೇಳಿದಳು. ಭಾನುವಾರ ನಾನು ನಿನಗೆ ಫೋನ್ ಮಾಡಿ, ಬುಧವಾರ, ಅಂದರೆ ನಾಳೆಯೇ, ಒಬ್ಬರನ್ನು ಕಾರಿನಲ್ಲಿ ಕಳಿಸುತ್ತೇನೆ, ಅವರ ಜೊತೆ ಹೊರಟು ಬಾ ಅಂದೆನಂತೆ. ನೀನು ಖುಷಿಯಿಂದ ಅವಳಿಗೆ ಹೇಳಿದೆಯಂತೆ. ಅಮ್ಮಾ, ಭಾನುವಾರ ನಾನು ಫೋನ್ ಮಾಡಿಲ್ಲ. ಆಸ್ಪತ್ರೆಯವರಿಗೆ ತಿಳಿಸಿದ್ದೇನೆ, ಆದರೆ ನಿನಗೆ ಫೋನಿನಲ್ಲಿ ಹೇಳಿದರೆ ಯಾವ ದನಿಯನ್ನು ನಂಬುತ್ತೀಯ? ನಮ್ಮ ಶಾಲೆಯ ಅಡುಗೆಯ ದೋಯ್ನಾ ಬಸ್ಸಿಗೆ ಹೊರಟು ನಿಂತಿದ್ದಾಳೆ, ಇದನ್ನು ನಿನ್ನ ಕೈಗೇ ಕೊಡುತ್ತಾಳೆ. ಪೊಲೀಸರಿಗೆ ಹೇಳಿ ಹಿಂದೆಯೇ ಬರುತ್ತೇನೆ. ನನ್ನ ಮುಖ ಕಾಣುವ ತನಕ ಕೋಣೆ ಬಿಟ್ಟು ಕದಲಬೇಡ.