ಹಿಂದಿನ ಗಾಜಿನ ಸ್ಟಿಕ್ಕರ್

ಮಂಗಳವಾರ, ಅಕ್ಟೋಬರ್ 14. ಲಬಕ್, ಟೆಕ್ಸಸ್.

ವರ್ನಾಳ ನಗು ಕಿವಿಯಿಂದ ಹೋಗುತ್ತಿಲ್ಲ. ಪಿಸ್ತೂಲನ್ನು ಬಟ್ಟೆಯ ಮರೆಯಲ್ಲಿಟ್ಟುಕೊಂಡು ಓಡಾಡುವುದನ್ನು ನನ್ನಿಂದಲೇ ಕಲಿತವಳು. "ಯಾರ ಸೊಂಟದಲ್ಲಿದೆ ಅಂತ ಗೊತ್ತಾಗದಿದ್ರೆ ಕಳ್ಳ ಎಲ್ಲರಿಗೂ ಹೆದರ್ತಾನೆ" ಎಂದು ಹನ್ನೊಂದು ವರ್ಷ ಪಾಠ ಹೇಳಿ ಚಪ್ಪಾಳೆ ಗಿಟ್ಟಿಸಿದವನು ನಾನು.

ಕಳೆದ ತಿಂಗಳು ಆಸ್ಪತ್ರೆಯೊಳಗೆ ಬಂದೂಕು ತರಬಾರದೆಂಬ ಫಲಕ ನೋಡಿ, ಕಾನೂನು ಪಾಲಿಸುವವನಂತೆ ಪಿಸ್ತೂಲನ್ನು ಗಾಡಿಯಲ್ಲೇ ಬಿಟ್ಟೆ. ಮರಳುವಷ್ಟರಲ್ಲಿ ಪಕ್ಕದ ಗಾಜು ಪುಡಿ, ಪಿಸ್ತೂಲು ಮಾಯ. ಶನಿವಾರ ಪೆಟ್ರೋಲ್ ಬಂಕಿನಲ್ಲಿ ದರೋಡೆಗಿಳಿದ ಅದೇ ಕಳ್ಳ ಹಾರಿಸಿದ ಅದರ ಗುಂಡೇ ವರ್ನಾಳ ಭುಜ ಹೊಕ್ಕಿತು; ಅವನು ಸಿಕ್ಕಿಬಿದ್ದ.

ಇಂದು ಹೂ ಹಿಡಿದು ಅವಳನ್ನು ನೋಡಲು ಹೋಗಿದ್ದೆ.

"ನಂದೂ ಪರ್ಸಲ್ಲೇ ಇತ್ತು, ಮೇಷ್ಟ್ರೇ. ಜಿಪ್ ಎಳೆಯೋಕೂ ಬಿಡಲಿಲ್ಲ. ಅಷ್ಟು ಗಾಡಿಗಳಲ್ಲಿ ನಿಮ್ಮದೇ ಯಾಕೆ ಒಡೆದನಂತೆ?"

"ಹಿಂದಿನ ಗಾಜಲ್ಲಿ ನಮ್ಮ ತರಗತಿ ಸ್ಟಿಕ್ಕರ್ ಇತ್ತಲ್ಲ, 'ಇವನ ಹತ್ತಿರ ಪಿಸ್ತೂಲಿದೆ' ಅಂತ. ಅದನ್ನ ಓದಿದೆ ಅಂತ ಪೊಲೀಸರಿಗೆ ಹೇಳಿದ್ದಾನೆ."

ನೋವಿನಲ್ಲೂ ನಕ್ಕಳು. "ಮರೆಯಲ್ಲಿಡೋದು ಕಲಿಸೋರು ಬೋರ್ಡ್ ಹಾಕ್ಕೊಂಡು ತಿರುಗ್ತಿದ್ರಾ? ನನ್ನ ಕಾರಿಂದು ಕಿತ್ತುಹಾಕಿ, ಮೊದಲು."

ಸಂಜೆ ಬ್ಲೇಡು ಹಿಡಿದು ಅವಳ ಕಾರಿನ ಸ್ಟಿಕ್ಕರ್ ಕೆರೆದೆ. ಅರ್ಧವಷ್ಟೇ ಬಂತು, ಬಿಸಿಲಿಗೂ ಜಗ್ಗದ ಅಂಟು ಬೇಕೆಂದು ಆರಿಸಿದವನೂ ನಾನೇ. ಪಾಸಾದವರಿಗೆಲ್ಲ ಒಂದೊಂದು ಹಂಚಿದ್ದೇನೆ, ಎರಡು ಸಾವಿರದ ಮುನ್ನೂರು ಗಾಡಿಗಳು. ಪಿಸ್ತೂಲು ಹೆಚ್ಚಿದರೆ ಅಪರಾಧ ಇಳಿಯುತ್ತದೆಂದು ತರಗತಿಯಲ್ಲಿ ಲೆಕ್ಕ ಒಪ್ಪಿಸುವಾಗ ಇವನ್ನು ಯಾವ ಕಡೆಗೆ ಸೇರಿಸಲಿ?