ಇಲಿಯ ಕಾಲಿಗೆ ಕಟ್ಟಿದ ಸುಳ್ಳು ಚೀಟಿ

ಡಾಕ್ಟರ್ ಅನ್ಸೆಲ್ಮೊ ಅವರಿಗೆ,

ಕ್ಷೇಮ ಸಮಾಚಾರ ಕೇಳುವ ಮನಸ್ಸಿಲ್ಲ. ನಿಮ್ಮ ಕಾಡಿಲಿಗಳ ಪುಸ್ತಕ ನಮ್ಮೂರು ಸಾಂತಾ ಬ್ರಿಹಿದಾಕ್ಕೂ ಬಂತು. ತಂದವರು ಕಲ್ಲುಗಣಿಯವರು. ಅದರ ನಕ್ಷೆಯನ್ನು ಊರ ಸಭೆಯ ಗೋಡೆಗೆ ಅಂಟಿಸಿ, "ನೋಡ್ರಪ್ಪ, ನಿಮ್ ಮೋಡದ ಇಲಿ ಮೆಕ್ಕೆಜೋಳದ ಹೊಲದಲ್ಲೂ ಇದೆ. ಬೇರೆ ಜಾತಿನೇ ಅಲ್ವಂತೆ. ಮೇಲಿನ ಕಾಡು ಕಡಿದ್ರೆ ಏನ್ ಗಂಟು ಹೋಯ್ತು?" ಅಂದರು. ಕಾನೂನಿನ ಪ್ರಕಾರ ಆ ಇಲಿ ಅಲ್ಲಿ ಬಿಟ್ಟು ಬೇರೆಲ್ಲೂ ಇಲ್ಲವೆಂದಾದರೆ ಮಾತ್ರ ಕಾಡು ಉಳಿಯುತ್ತದೆ.

ಹನ್ನೆರಡು ವರ್ಷದ ಹಿಂದೆ ನಿಮ್ಮ ಬೋನುಗಳನ್ನು ಹೊತ್ತು ಆರು ಗಂಟೆ ಬೆಟ್ಟ ಹತ್ತಿದವರು ಅಪ್ಪ ಮತ್ತು ನಾನು. ನೀವು ಓಟ್ಸಿಗೆ ವೆನಿಲಾ ಕಲಸಿ ಬೋನಿಗಿಡುವುದನ್ನು ನೋಡಿ ಅಪ್ಪ, "ಅಲ್ಲಾ ಡಾಕ್ಟ್ರೇ, ನನ್ ಮದುವೇಲೇ ವೆನಿಲಾ ಕಂಡಿಲ್ಲ ನಾನು, ಇಲಿಗೆ ಈ ಉಪಚಾರಾನಾ" ಅಂದಿದ್ದ. ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ಆ ನಗುವಿಗೇ ನಾನು ನಿಮ್ಮನ್ನು ನಂಬಿದೆ. ಹೊಲದ ಇಲಿಗೆ ಬಾಲ ಗಿಡ್ಡ. ಮೋಡ ಇಳಿಯುವ ಕಾಡಿನದ್ದಕ್ಕೆ ಮೈಗಿಂತ ಬಾಲ ಉದ್ದ, ಕಣ್ಣ ಸುತ್ತ ಕಪ್ಪು ಉಂಗುರ. ಓದು ಬಾರದ ಅಪ್ಪನಿಗೆ ತಿಳಿದಿದ್ದು ನಿಮಗೆ ತಿಳಿಯಲಿಲ್ಲವೇ?

ಇಳಿದು ಬಂದ ದಿನ ನಿಮಗೆ ವಹಾಕಾ ನಗರದ ಬಸ್ಸಿನ ಅವಸರ. ಚರ್ಮ ಸುಲಿದು ಹತ್ತಿ ತುಂಬಿದ ಇಪ್ಪತ್ತೆರಡು ಇಲಿಗಳ ಕಾಲಿಗೆ ಚೀಟಿ ಬರೆದು ಕಟ್ಟುವ ಕೆಲಸ ನನಗೆ ಬಿತ್ತು. ಕೆಲವು ಹೊಲದವು, ಕೆಲವು ಮೇಲಿನ ಕಾಡಿನ ದಿಣ್ಣೆಯವು; ಎಲ್ಲಿ ಹಿಡಿದದ್ದೆಂದು ಬರೆಯಲಿ ಅಂತ ಕೇಳಿದೆ. "ಆ ದಿಣ್ಣೆ ಹೆಸರು ಯಾವ ನಕ್ಷೇಲಿದೆ ಎಪಿಫಾನಿಯಾ? ಎಲ್ಲಕ್ಕೂ ಸಾಂತಾ ಬ್ರಿಹಿದಾ ಅಂತ್ಲೇ ಬರಿ. ಆಮೇಲೆ ಸರಿ ಮಾಡ್ಕೊಂಡ್ರಾಯ್ತು" ಅಂದಿರಿ. ಒಂದೊಂದು ದಿಣ್ಣೆಗೂ ಹೆಸರಿಟ್ಟು, ಜಾಗದ ವಿಷಯದಲ್ಲಿ ಸುಳ್ಳು ಹೇಳಿದವರನ್ನು ಸಭೆಯಲ್ಲಿ ನಿಲ್ಲಿಸುವ ಊರಿನವಳು ನಾನು. ಆದರೂ ಬರೆದೆ, ಡಾಕ್ಟರು ಹೇಳಿದ್ದಾರಲ್ಲ ಅಂತ.

ನೀವು ಸರಿ ಮಾಡಲಿಲ್ಲ. ಎರಡೂ ಒಂದೇ ಊರಲ್ಲಿ ಸಿಕ್ಕಿವೆ, ಹಾಗಾಗಿ ಒಂದೇ ಜಾತಿ, ವ್ಯತ್ಯಾಸವೆಲ್ಲ ವಯಸ್ಸಿನದು ಎಂದು ಬರೆದುಬಿಟ್ಟಿರಿ. ಪುಸ್ತಕ ನೋಡಿ ನಾನು ಬರೆದ ಪತ್ರಕ್ಕೆ, ಜಾತಿಗಳ ವರ್ಗೀಕರಣವೇನಿದ್ದರೂ ಓದಿದವರ ಕೆಲಸ, ಮುಂದಿನ ಮುದ್ರಣದಲ್ಲಿ ನೋಡೋಣ ಎಂದು ಉತ್ತರಿಸಿದಿರಿ. ಓದಿ ಮೈ ಉರಿದುಹೋಯಿತು. ಅಲ್ಲಿಯವರೆಗೆ ಗರಗಸ ಕಾಯುತ್ತದೆಯೇ?

ಕಳೆದ ಭಾನುವಾರ ಸಭೆಯಲ್ಲಿ ಹಿರಿಯರಾದ ಮಕಾರಿಯೊ ನಿಮ್ಮ ಪುಸ್ತಕದಲ್ಲಿದ್ದ ಆ ಚೀಟಿಗಳ ಫೋಟೊ ಹಿಡಿದು, "ಇದು ನಿನ್ ಅಕ್ಷರ ಅಲ್ವೇನವ್ವ?" ಅಂದರು. ಹೌದು, ಸುಳ್ಳು ಬರೆದೆ ಅಂದೆ. ಒಂದು ವರ್ಷ ಊರಿಗೆ ಬಿಟ್ಟಿ ದುಡಿಯುವ ಶಿಕ್ಷೆಯಾಯಿತು. ಮನೆಗೆ ಬಂದ ಮೇಲೆ ಅಪ್ಪ ಒಂದೇ ಮಾತು ಕೇಳಿದ: "ಬರ್ದಿದ್ ಕೈಗೆ ಶಿಕ್ಷೆ ಆಯ್ತು. ಬರ್ಸಿದ್ ಬಾಯಿಗೆ?"

ಕಾಡಿನ ತೀರ್ಮಾನಕ್ಕೆ ಅರಣ್ಯಾಧಿಕಾರಿ ಈ ತಿಂಗಳ ಹದಿನಾಲ್ಕರಂದು ನಮ್ಮ ಸಭೆಗೆ ಬರುತ್ತಾನೆ. ನನ್ನ ತಪ್ಪೊಪ್ಪಿಗೆ ಸಾಲದಂತೆ, ಪುಸ್ತಕ ಬರೆದವರೇ ಹೇಳಬೇಕಂತೆ. ಅಪ್ಪ ಮೇಲಿನ ಕಾಡಿನಲ್ಲಿ ಮತ್ತೆ ಬೋನಿಟ್ಟು ಎಂಟು ಹಿಡಿದಿದ್ದಾನೆ. ಹೊಲದಲ್ಲಿ ನಲವತ್ತು ಬೋನಿಟ್ಟರೂ ಉದ್ದ ಬಾಲದ್ದು ಒಂದೂ ಬೀಳಲಿಲ್ಲ. ನೀವು ಬನ್ನಿ. ನಾನು ನಿಂತ ಜಾಗದಲ್ಲೇ ನಿಂತು, ಚೀಟಿ ಸುಳ್ಳು, ಬರೆಸಿದವನು ನಾನು ಎನ್ನಿ. ತಪ್ಪು ಮಾಡಿ ಸಭೆಗೆ ಬಾರದವನ ಹೆಸರನ್ನು ನಮ್ಮಲ್ಲಿ ಊರಿಗೆಲ್ಲ ಕೇಳುವಂತೆ ಮೂರು ಸಲ ಕೂಗುತ್ತಾರೆ. ಶಿಕ್ಷೆಯ ಲೆಕ್ಕದಲ್ಲಿ ಈ ವರ್ಷ ಕೂಗುವ ಕೆಲಸ ನನ್ನದು.

ಬೆಟ್ಟ ಹತ್ತುವಷ್ಟು ಕಸುವನ್ನು ದೇವರು ನಿಮ್ಮ ಮಂಡಿಗಳಿಗೆ ಕೊಡಲಿ.

ಇಂತಿ,
ಚೀಟಿ ಬರೆದವಳು,
ಎಪಿಫಾನಿಯಾ