ಮೂರನೆಯ ಬಾಟಲಿ

ಚಳ್ಳಕೆರೆ
೧೪ ಫೆಬ್ರವರಿ ೨೦೦೨

ಅಕ್ಕ ಪ್ರೇಮಲತಾಗೆ ನಿನ್ನ ಸುಲೋಚನಾ ಮಾಡುವ ನಮಸ್ಕಾರ.

ನಿನ್ನ ಎರಡು ಕಾಗದಗಳೂ ಬಂದಿವೆ. ಇಷ್ಟು ದಿನ ಉತ್ತರ ಬರೆಯದೆ ಕೂತಿದ್ದಕ್ಕೆ ಬೈದುಕೋ. ಫೋನ್ ಮಾಡಬಹುದಿತ್ತು, ಆದರೆ ನಮ್ಮ ಫೋನು ನಡುಮನೆಯಲ್ಲಿದೆ, ಅದರ ಪಕ್ಕದ ದಿವಾನದ ಮೇಲೆ ಅತ್ತೆ ಕೂತಿರುತ್ತಾರೆ. ಅವರ ಎದುರು ಹೇಳುವ ಮಾತಲ್ಲ ಇದು.

ದೀಪಿಕಾಗೆ ಅಂತ ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ ನಿಂತು ನೇಯಿಸಿ, ಹೊಲಿಸಿ ಕಳಿಸಿದ ರೇಷ್ಮೆ ಲಂಗ ಬಹಳ ಚೆನ್ನಾಗಿದೆ. ಹಾಕಿಸಿ ಫೋಟೋ ಕಳಿಸು ಎಂದು ಎರಡು ಕಾಗದದಲ್ಲೂ ಕೇಳಿದ್ದೀಯ. ಹೇಗೆ ಕಳಿಸಲಿ? ಲಂಗದ ಹುಕ್ಕು ಸೊಂಟಕ್ಕೆ ಕೂಡಲಿಲ್ಲ, ರವಿಕೆಯ ತೋಳು ಮೊಣಕೈ ದಾಟಲಿಲ್ಲ. ನೀನು ಹನ್ನೊಂದು ವರ್ಷದ ಹುಡುಗಿಯ ಅಳತೆಗೆ ಹೊಲಿಸಿದ್ದೆ, ನಿನ್ನದೇನೂ ತಪ್ಪಿಲ್ಲ. ನಾನೂ ಅತ್ತೆಯೂ ಎರಡು ಕಡೆಯಿಂದ ಹಿಡಿದು ಎಳೆದೆವು. ಮಗು ಉಸಿರು ಬಿಗಿಹಿಡಿದು ನಿಂತಿತ್ತು. ಆಮೇಲೆ ತಾನೇ ಬಿಚ್ಚಿ, ಮಡಿಸಿ, ಬೀರುವಿನಲ್ಲಿಟ್ಟು ಬಂದು, ದೊಡ್ಡವ್ವಗೆ ಹೇಳಬೇಡ ಎಂದಳು. ಹೇಳುತ್ತಿದ್ದೇನೆ. ಇನ್ನು ಯಾವುದನ್ನೂ ಮುಚ್ಚಿಡುವ ತಾಳ್ಮೆ ನನ್ನಲ್ಲಿ ಉಳಿದಿಲ್ಲ.

ನೀನು ಹಿಂದೆ ಬಂದಾಗ ನಮ್ಮ ಶೇಂಗಾ ಎಣ್ಣೆ ಮಿಲ್ಲು ಇನ್ನೂ ನಡೆಯುತ್ತಿತ್ತು. ಹೊರದೇಶದ ಎಣ್ಣೆ ಬಂದು ಊರಿನ ಮಿಲ್ಲುಗಳು ಒಂದೊಂದಾಗಿ ನಿಂತಾಗ ಇವರು ಕೂಲ್‌ಡ್ರಿಂಕ್ಸ್ ಏಜೆನ್ಸಿ ಹಿಡಿದರು. ಶೇಂಗಾ ಮೂಟೆ ಇದ್ದಲ್ಲೆಲ್ಲ ಈಗ ಬಾಟಲಿಯ ಕ್ರೇಟುಗಳು. ವ್ಯಾಪಾರ ಬೇಡವೆಂದು ನಾನು ಯಾವತ್ತೂ ಅನ್ನಲಿಲ್ಲ. ಆದರೆ ಮಾರುವ ಮಾಲು ಅಡುಗೆಮನೆಗೇ ಬಂತು. ಫ್ರಿಜ್ಜಿನಲ್ಲಿ ಹಾಲಿನ ಪಾತ್ರೆಗೆ ಜಾಗವಿಲ್ಲ. ಇಲ್ಲಿಯ ಬೋರಿನ ನೀರು ಸವಳು, ನಿನಗೇ ಗೊತ್ತಲ್ಲ. ಮಗು ನೀರು ಕುಡಿಯುವುದನ್ನೇ ಬಿಟ್ಟಿತು. ಎದ್ದ ಕೂಡಲೇ ಕಿತ್ತಳೆ ಬಣ್ಣದ್ದು, ಸ್ಕೂಲಿಂದ ಬಂದರೆ ಕಪ್ಪನೆಯದು, ಊಟಕ್ಕೆ ಕೂತರೆ ಇನ್ನೊಂದು. ಬೇಡವೆಂದರೆ ಅತ್ತೆ ನನ್ನ ಮೇಲೇ ತಿರುಗುತ್ತಿದ್ದರು. ಇದು ತಿಂದುಂಡು ಬೆಳೆಯುವ ಮನೆಯ ಕೂಸು, ಹೆತ್ತವಳ ಕಣ್ಣೇ ಮೊದಲು ತಾಗುತ್ತದೆ ಅಂತ.

ಹೋದ ವರ್ಷ ಅವಳ ಕುತ್ತಿಗೆಯ ಸುತ್ತ ಕಪ್ಪು ಕಟ್ಟಿತು. ಅತ್ತೆ ಕೊಳೆ ಎಂದು ಕಡಲೆಹಿಟ್ಟು ಹಚ್ಚಿದರು, ಆಮೇಲೆ ತೆಂಗಿನ ನಾರು ಹಿಡಿದು ಉಜ್ಜಿದರು. ಚರ್ಮ ಕಿತ್ತಿತೇ ಹೊರತು ಕಪ್ಪು ಹೋಗಲಿಲ್ಲ. ನಾನು ದುರ್ಗಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಡಾಕ್ಟರಮ್ಮ ತೂಕ ನೋಡಿ ನನ್ನ ಮುಖ ನೋಡಿದರು. ಇದು ಕೊಳೆಯಲ್ಲ, ಹೀಗೇ ಬಿಟ್ಟರೆ ಚಿಕ್ಕ ವಯಸ್ಸಿಗೇ ಸಕ್ಕರೆ ಕಾಯಿಲೆ ಬರಬಹುದು ಎನ್ನುವ ಸೂಚನೆ ಎಂದರು. ಏನೇನು ಕುಡಿಯುತ್ತಾಳೆ ಎಂದು ಕೇಳಿದರು. ಹೇಳಿದೆ. ಮೊದಲು ಅದನ್ನು ನಿಲ್ಲಿಸಿ, ಮಿಕ್ಕಿದ್ದು ಆಮೇಲೆ ಎಂದರು.

ಮನೆಗೆ ಬಂದು ಹೇಳಿದರೆ ಇವರು ನಕ್ಕುಬಿಟ್ಟರು. "ಬಾಟ್ಲಿ ಮ್ಯಾಲೆ ಹಣ್ಣಿನ ಚಿತ್ರ ಐತೆ, ವಿಷದ ಚಿತ್ರ ಐತೇನು?" ಎಂದರು. ಅಷ್ಟಕ್ಕೇ ಬಿಡಲಿಲ್ಲ, ಅದೇ ವಾರ ಮಗಳ ಸ್ಕೂಲಿಗೇ ಕಂಪನಿಯ ದೊಡ್ಡ ಫ್ರಿಜ್ಜು ತಂದಿಡಿಸಿದರು. ಮನೆಯಲ್ಲಿ ನಾನು ನಿಲ್ಲಿಸಿದ್ದನ್ನು ಅವಳು ಅಲ್ಲಿ ಕುಡಿದಳು. ಏಜೆಂಟರ ಮಗಳಿಗೆ ಕ್ಯಾಂಟೀನಿನವನು ಇಲ್ಲ ಎನ್ನುತ್ತಾನೆಯೇ? ಆ ಸ್ಕೂಲಿನ ಕುಡಿಯುವ ನೀರಿನ ಟ್ಯಾಂಕು ದಸರಾ ರಜೆಯಿಂದ ಒಣಗಿತ್ತು ಅಕ್ಕ. ನಲ್ಲಿ ತಿರುಗಿಸಿದರೆ ಗಾಳಿ, ಫ್ರಿಜ್ಜು ತೆಗೆದರೆ ತಣ್ಣಗಿನ ಬಾಟಲಿ. ಮಕ್ಕಳು ಏನು ಮಾಡಬೇಕು?

ಹೋದ ಶನಿವಾರ ಸ್ಕೂಲ್ ಡೇ ಇತ್ತು. ದೀಪಿಕಾ ಏನೋ ಸ್ಪರ್ಧೆ ಇದೆ ಎಂದಿದ್ದಳು, ಯಾವುದೆಂದು ಹೇಳಿರಲಿಲ್ಲ. ಹಾಡಿರಬೇಕು ಎಂದುಕೊಂಡು ಹೆಂಗಸರ ಸಾಲಿನಲ್ಲಿ ಖುಷಿಯಾಗಿಯೇ ಕೂತಿದ್ದೆ. ಡ್ರಿಲ್ ಮಾಸ್ತರು ತಿಪ್ಪೇರುದ್ರ ಮೈಕ್ ಹಿಡಿದು, ಮುಂದಿನದು ಕೂಲ್‌ಡ್ರಿಂಕ್ಸ್ ಕುಡಿಯುವ ಸ್ಪರ್ಧೆ, ಶ್ರೀ ಶಶಿಕಾಂತ್ ಅವರ ಕೊಡುಗೆ ಎಂದರು. ನನ್ನ ಗಂಡನ ಹೆಸರು ಅಕ್ಕ. ಅವರು ಸ್ಟೇಜಿನ ಮೇಲೆ ಹಾರ ಹಾಕಿಸಿಕೊಂಡು ಕೂತಿದ್ದರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎದುರಿಗೆ ಬಾಟಲಿಗಳನ್ನಿಟ್ಟರು. ನನ್ನ ಮಗಳು ನಡುವೆ ಇದ್ದಳು.

ಸೀಟಿ ಊದಿದರು. ಉಳಿದವು ಕುಡಿಯಲಾರದೆ ಕೆಮ್ಮಿ ಹಿಂದೆ ಸರಿದವು. ಇವಳು ನಿಲ್ಲಿಸಲಿಲ್ಲ. ಮೂರನೆಯ ಬಾಟಲಿಗೆ ಅವಳ ಮೂಗಿನಲ್ಲಿ ನೊರೆ ಬಂತು, ಕಣ್ಣು ಮೇಲಾದವು, ಆದರೂ ಕೈ ಬಾಟಲಿ ಬಿಡಲಿಲ್ಲ. ಜನವೆಲ್ಲ ಕೂಗುತ್ತಿತ್ತು. ಹೆತ್ತ ಅಪ್ಪ ಚಪ್ಪಾಳೆ ತಟ್ಟುತ್ತಿದ್ದರು.

ನಾನು ಸ್ಟೇಜು ಹತ್ತಿದೆ. ಹೇಗೆ ಹತ್ತಿದೆನೋ ನೆನಪಿಲ್ಲ. ಅವಳ ಕೈಯಿಂದ ಬಾಟಲಿ ಕಿತ್ತೆ. ಅಲ್ಲೇ, ಎಲ್ಲರ ಎದುರಿಗೆ ವಾಂತಿ ಮಾಡಿಕೊಂಡಳು. ಸೆರಗಿನಲ್ಲಿ ಅವಳ ಬಾಯಿ ಒರೆಸಿ, ಮೈಕಿನ ಮುಂದೆ ನಿಂತೆ.

"ಈ ಸ್ಕೂಲಿನ ನಲ್ಯಾಗೆ ನೀರು ಯಾಕೆ ಬರಲ್ಲ ಅಂತ ಮೊದ್ಲು ಹೇಳ್ರಿ. ಆಮ್ಯಾಲೆ ಬಹುಮಾನ ಕೊಡೀರಂತೆ."

ಇನ್ನೂ ಹೇಳುವುದಿತ್ತು, ಯಾರೋ ಮೈಕ್ ಆಫ್ ಮಾಡಿದರು. ಮಗಳ ಕೈ ಹಿಡಿದು ಬಜಾರಿನ ನಡುವೆ ನಡೆಸಿಕೊಂಡು ಮನೆಗೆ ಬಂದೆ.

ಹಿಂದೆಯೇ ಬಂದ ಇವರು, ನನ್ನ ಮರ್ಯಾದೆಯನ್ನು ಬೀದಿಗೆ ಹಾಕಿದೆ, ಇನ್ನು ಆ ಸ್ಟೇಜಿನವರಿಗೆ ಹೇಗೆ ಮುಖ ತೋರಿಸಲಿ ಎಂದು ಕೂಗಾಡಿದರು. ನಾನೂ ಸುಮ್ಮನಿರಲಿಲ್ಲ. "ಮಗಳ ಮೂಗಿನಾಗೆ ನೊರೆ ಬರೋವಾಗ ನೀವು ಚಪ್ಪಾಳೆ ತಟ್ಟಿದ್ರಿ. ನಾನು ಕಣ್ಣಾರೆ ನೋಡೀನಿ. ಇದನ್ನ ಸಾಯೋತನಕ ಮರೆಯಲ್ಲ" ಎಂದೆ. ಅವರು ಚಪ್ಪಲಿ ಮೆಟ್ಟಿ ಮಿಲ್ಲಿಗೆ ಹೊರಟುಹೋದರು. ಅಂದಿನಿಂದ ಮಧ್ಯಾಹ್ನದ ಊಟ ಮಿಲ್ಲಿಗೇ ತರಿಸಿಕೊಳ್ಳುತ್ತಾರೆ. ಮನೆಯೊಳಗಿದ್ದ ಕ್ರೇಟುಗಳನ್ನೆಲ್ಲ ನಾನೇ ಎತ್ತಿ ಗೇಟಿನ ಹೊರಗಿಟ್ಟೆ. ನಡು ಹಿಡಿದಿದೆ, ಹಿಡಿಯಲಿ.

ಸೋಮವಾರ ಓಣಿಯ ಕಮಲಾಕ್ಷಮ್ಮ ಮತ್ತೆ ಇನ್ನಿಬ್ಬರು ತಾಯಂದಿರು ತಾವಾಗಿಯೇ ಬಂದರು. ಅವತ್ತು ಸ್ಟೇಜಿನ ಮುಂದೆ ಕೂತಿದ್ದ ಇವರಲ್ಲಿ ಒಬ್ಬರೂ ತುಟಿ ಬಿಚ್ಚಿರಲಿಲ್ಲ, ಅದೂ ನನಗೆ ಸಿಟ್ಟೇ. ಆದರೂ ಒಟ್ಟಿಗೆ ಹೆಡ್‌ಮಾಸ್ಟರ ಬಳಿ ಹೋದೆವು. ಅವರು ನನ್ನ ಕಡೆ ನೋಡದೆ ಉಳಿದವರೊಂದಿಗೆ ಮಾತಾಡಿದರು. ನಿನ್ನೆಯಿಂದ ಟ್ಯಾಂಕಿಗೆ ನೀರು ಬರುತ್ತಿದೆಯಂತೆ. ಫ್ರಿಜ್ಜು ಮಾತ್ರ ಅಲ್ಲೇ ಇದೆ. ಅದನ್ನೂ ಎತ್ತಿಸದೆ ಬಿಡುವುದಿಲ್ಲ.

ಅತ್ತೆ, ಸ್ವಲ್ಪ ದಿನ ಅಕ್ಕನ ಮನೆಗೆ ಹೋಗಿ ತಲೆ ತಣ್ಣಗೆ ಮಾಡಿಕೊಂಡು ಬಾ ಎನ್ನುತ್ತಿದ್ದಾರೆ. ನಾನು ಬರುವುದಿಲ್ಲ. ನಾನು ಹೊಸಿಲು ದಾಟಿದ ಗಳಿಗೆಯಲ್ಲೇ ಕ್ರೇಟು ಒಳಗೆ ಬರುತ್ತದೆ. ನೀನೂ ಬಂದು ಹೊಂದಿಕೊಂಡು ಹೋಗು ಎಂದು ಬುದ್ಧಿ ಹೇಳಬೇಡ. ಹನ್ನೊಂದು ವರ್ಷ ಹೊಂದಿಕೊಂಡಿದ್ದೇನೆ, ಅದನ್ನೆಲ್ಲ ನನ್ನ ಮಗಳು ಮೈಮೇಲೆ ಹೊತ್ತುಕೊಂಡು ತಿರುಗುತ್ತಿದ್ದಾಳೆ.

ಭಾವನವರಿಗೆ ನಮಸ್ಕಾರ ತಿಳಿಸು. ಶಿಲ್ಪಾಳ ಪರೀಕ್ಷೆ ಚೆನ್ನಾಗಿ ಆಗಲಿ, ಅವಳಿಗೆ ಚಿಕ್ಕಮ್ಮನ ತುಂಬು ಆಶೀರ್ವಾದ. ನೀನು ಮೈ ಹುಷಾರು.

ನಿನ್ನ ತಂಗಿ,
ಸುಲೋಚನಾ

ಮ.ವಿ.: ಲಕೋಟೆ ಅಂಟಿಸಿದ್ದೆ, ಮತ್ತೆ ಒಡೆದೆ. ಇವತ್ತು ಬೆಳಿಗ್ಗೆ ಜಡೆ ಹಾಕುವಾಗ ದೀಪಿಕಾ ಮೊದಲ ಸಲ ಆ ದಿನದ ಮಾತೆತ್ತಿದಳು. "ಯಾಕೆ ಬಂದೆ ಅವ್ವ ಸ್ಟೇಜಿಗೆ? ನನ್ನ ಯಾರೂ ಯಾವ ಆಟಕ್ಕೂ ಸೇರಿಸ್ಕಳಲ್ಲ. ಅವತ್ತು ಎಲ್ರೂ ನನ್ನ ಹೆಸರು ಕೂಗ್ತಿದ್ರು. ಇನ್ನೇನು ಗೆದ್ದಿದ್ದೆ" ಎಂದಳು. ನಾನು ಜಡೆ ಹೆಣೆಯುತ್ತಲೇ ಇದ್ದೆ. ಅವರು ಕೂಗಿದ್ದು ದೀಪಿಕಾ ಅಂತ ಅಲ್ಲ ಅಕ್ಕ. ನಾನು ಕೇಳಿಸಿಕೊಂಡಿದ್ದೇನೆ. "ಡ್ರಮ್ಮು, ಡ್ರಮ್ಮು" ಅಂತ ಕೂಗುತ್ತಿದ್ದರು. ನನ್ನ ಕೂಸು ಅದನ್ನೇ ತನ್ನ ಹೆಸರು ಅಂದುಕೊಂಡುಬಿಟ್ಟಿದೆ.